ಕಿಡಿ ಹಾರದ ಚಾಕು

ನನ್ನ ಬಾಯಿ ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಜೇವರ್ಗಿ ಬಸ್ ನಿಲ್ದಾಣದ ಎದುರು ಇಷ್ಟು ವರ್ಷ ಸಾಣೆ ಹಿಡಿದವನಿಗೆ ಯಾರಾದರೂ ‘ಇದು ನಿನ್ನಿಂದ ಆಗೂದಿಲ್ಲ’ ಅಂದರೆ ಮೈ ಉರಿಯುತ್ತದೆ. ಆ ದಿನ ಅಂದವನು ಪಕ್ಕದ ಬೀಗದಂಗಡಿಯ ಯಾಸೀನ.

“ಪಿಂಗಾಣಿ ಚಾಕು ಐತಿ ಶಿವರಾಯ, ಸುಮ್ಮ ಕಲಬುರಗಿಗೆ ಕಳಸು.”

“ನಿನ್ನ ಬೀಗ ನೀ ನೋಡ್ಕೋಳಲೇ,” ಎಂದೆ.

ಚಾಕು ನೆಲೋಗಿಯ ಮಥುರಾಬಾಯಿಯವರದು. ಲಕ್ವಾ ಹೊಡೆದು ಬಲಗೈ ಸೋತ ಮೇಲೆ ಅವರಿಗೆ ಈಳಿಗೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಮಗಳು ಮಂಜರಿ ತಂದುಕೊಟ್ಟ ಈ ಬಿಳಿ ಚಾಕು ಬಲು ಹಗುರ. ಈಗ ಅದರ ಅಂಚು ಅಲ್ಲಲ್ಲಿ ಚಕ್ಕೆ ಎದ್ದು, ಕಾಯಿಪಲ್ಲೆಯ ಮೇಲೆ ಜಾರುತ್ತಿತ್ತು.

“ಸೊಸಿ ಅನುಜಾ ‘ಕೈ ಕೊಯ್ಕೋತೀರಿ ಅತ್ತಿ, ಇನ್ನ ಕೂತು ಉಣ್ರಿ’ ಅಂತಾಳ. ಅಡಗಿಮನಿ ಬಿಟ್ರ ನಾ ಬದುಕಂಗಿಲ್ಲಪಾ. ಇದೊಂದು ಮಸದು ಕೊಡು,” ಎಂದರು ಅವರು.

“ಚಾ ಕುಡದು ಬರ್ರಿ ಬಾಯಾರ. ಹೊಸಾದು ಮಾಡಿ ಕೊಡ್ತೇನಿ.”

ಡೈಮಂಡ್ ಚಕ್ರ ಹಾಕಿದೆ. ಚಾಕುವನ್ನು ಒಂದೇ ಓರೆಯಲ್ಲಿ ಹಿಡಿದಿಡುವ ಕ್ಲ್ಯಾಂಪಿಗೆ ಬಿಗಿದೆ, ನೀರು ಹನಿಸಿದೆ. ಕಿಡಿ ಹಾರಲಿಲ್ಲ. ಉಕ್ಕಾದರೆ ಕಿಡಿ ನೋಡಿಯೇ ಎಷ್ಟು ಒತ್ತಬೇಕೆಂದು ತಿಳಿಯುವವನು ನಾನು. ಪಿಂಗಾಣಿಗೆ ಕಿಡಿ ಇಲ್ಲವೆಂದು ಗೊತ್ತಿದ್ದರೂ ಕೈ ಕೇಳಬೇಕಲ್ಲ! ಒತ್ತಿದೆ. ಇನ್ನಷ್ಟು ಒತ್ತಿದೆ.

ಟಕ್.

ಎರಡು ಬೆರಳಷ್ಟು ತುದಿ ಮುರಿದು ನೀರಿನ ಬಕೆಟ್ಟಿಗೆ ಬಿತ್ತು. ಯಾಸೀನ ಗಿರಾಕಿಯ ಕಡೆ ತಿರುಗಿದ್ದ. ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ಮಥುರಾಬಾಯಿಯವರು ಬಂದೇಬಿಟ್ಟರು. “ಏನಾತೋ?”

“ಮೊದಲೇ ಒಳಗ ಬಿರಕ ಬಿಟ್ಟಿತ್ತರಿ. ನೀವೇ ಎಲ್ಲೋ ಕೆಡವೀರಿ.”

ಜಗಳಕ್ಕೆ ಬರುತ್ತಾರೆಂದು ಕಾದೆ. ಅವರು ತಮ್ಮ ಬಲಗೈಯನ್ನೇ ನೋಡುತ್ತ ನಿಂತರು.

“ಕೆಡವಿರಬೇಕು. ನನಗ ನೆನಪೇ ಇಲ್ಲ ನೋಡು,” ಎಂದರು. “ಕೈ ಅಷ್ಟ ಅಲ್ಲ, ತಲಿನೂ ಹೋಗೇದ. ಅನುಜಾ ಹೇಳಿದ್ದ ಖರೆ. ಇನ್ನ ಸಾಕು.”

ಚಾಕು ಕೂಡ ತೆಗೆದುಕೊಳ್ಳದೆ ಬಸ್ಸಿನ ಕಡೆ ನಡೆದರು. ಥೂ ನನ್ನ ಜನ್ಮಕ್ಕೆ! ಕಂಡಕ್ಟರ್ ‘ರೈಟ್ ರೈಟ್’ ಅನ್ನುತ್ತಿದ್ದ. ಚಕ್ರ ಬಂದ್ ಮಾಡುವುದನ್ನೂ ಮರೆತು ಓಡಿದೆ. ಅವರು ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು.

“ಬಾಯಾರ, ಸುಳ್ಳು ಹೇಳೇನ್ರಿ! ನಾನೇ ಮುರದೇನಿ, ನೀವು ಕೆಡವಿಲ್ಲ!”

ಅವರು ಕೆಳಗಿಳಿದರು. “ಖರೇನ? ನಾ ಕೆಡವಿಲ್ಲ?”

“ಇಲ್ರಿ. ನನ್ನ ಮಕ್ಕಳಾಣೆ.”

“ಎಲಾ ಭಾಡ್ಯಾ!”

ಇಡೀ ನಿಲ್ದಾಣ ತಿರುಗಿ ನೋಡುವಂತೆ ಬೈದರು. ನನ್ನನ್ನು, ನನ್ನ ಸಾಣೆಯನ್ನು, ನನಗೆ ಕಲಿಸಿದವರನ್ನು, ಯಾರನ್ನೂ ಬಿಡಲಿಲ್ಲ. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ತಂದುಕೊಂಡರು, ನಕ್ಕೂಬಿಟ್ಟರು. ಬಸ್ಸು ಹೋಯಿತು.

“ನಡಿ, ಉಳದದ್ದಕ್ಕ ತುದಿ ಮಾಡು,” ಎಂದರು. “ಈ ಸಲ ನಾ ಮುಂದ ನಿಂದರ್ತೇನಿ. ಒತ್ತಿದ್ರ ಕೈಮ್ಯಾಲ ಹೊಡೀತೇನಿ.”