ತಟ್ಟೆ ತೆಗೆದು ನೋಡು

"ಗಾಜಿನ ತಟ್ಟೆ ಮುಟ್ಟಬೇಡ, ಹಾಗೇ ಇರ್ಲಿ," ಎಂದು ಮೇಷ್ಟ್ರು ಅವಳ ಕಿವಿಯ ಹತ್ತಿರ ಪಿಸುಗುಟ್ಟಿದರು.

ಪ್ರಯೋಗಶಾಲೆಯ ತುಂಬ ಅತಿಥಿಗಳು. ತಿಂಗಳ ಕೊನೆಗೆ ನಿವೃತ್ತರಾಗಲಿದ್ದ ಮೇಷ್ಟ್ರಿಗೆ ಇದೇ ಕಡೆಯ ಅವಕಾಶ. ಫ್ಲಾಸ್ಕಿನಲ್ಲಿ ಕಾಯಿಸಿ ಬೆಳೆಸಿದ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳನ್ನು ಗಾಜಿನ ತಟ್ಟೆಯ ಮೇಲೆ ಸವರಿ, ಅವುಗಳಿಂದಲೇ ಲೇಸರ್ ಹೊಮ್ಮಿಸಬೇಕೆಂಬುದು ಅವರ ಜೀವಮಾನದ ಹಟ. ಹರಳು ಬೇಯಿಸುವ ಅಡುಗೆ ಮಾತ್ರ ಅವಳದು. ಅವರ ಶಿಷ್ಯೆಯಾಗಿ ಹರಳಿನ ಜೊತೆ ತಾನೂ ಬೆಂದವಳು. ನಿನ್ನೆ ಬೆಳಕಿನ ಮಾಪಕದ ಪರದೆಯ ಮೇಲೆ, ಕೆಂಪು ಬಣ್ಣದ ಜಾಗದಲ್ಲಿ, ಲೇಸರಿನ ಗುರುತಾದ ಸೂಜಿಯಂಥ ಗೆರೆ ಎದ್ದಾಗ ಮೇಷ್ಟ್ರು ಕುಣಿಯುವುದೊಂದು ಬಾಕಿ.

ಅವಳಿಗೆ ಆಗಲೇ ಅನುಮಾನ. ಹರಳುಗಳನ್ನು ಕೆಣಕಲು ಹಾಯಿಸುವ ಅತಿನೇರಳೆ ಕಿರಣ ಕೆಲವೊಮ್ಮೆ ಮಾಪಕವನ್ನೇ ಯಾಮಾರಿಸಿ, ಕೆಂಪಿನ ಜಾಗದಲ್ಲಿ ಸುಳ್ಳು ಗೆರೆ ಎಬ್ಬಿಸುತ್ತದೆ. "ಗೆರೆ ಕಂಡ ತಕ್ಷಣ ಹಿಗ್ಗಬೇಡ, ತಟ್ಟೆ ತೆಗೆದು ನೋಡು" ಎಂದು ಮೊದಲ ದಿನವೇ ಕಲಿಸಿದವರು ಇದೇ ಮೇಷ್ಟ್ರು! ಇವತ್ತು ಬೆಳಿಗ್ಗೆಯಿಂದ ಉಪಕರಣದ ಹತ್ತಿರವೂ ಅವಳನ್ನು ಬಿಟ್ಟಿರಲಿಲ್ಲ.

ಅತಿಥಿಗಳು ಚಪ್ಪಾಳೆಗೆ ಕೈ ಎತ್ತಿದರು. ಅವಳು ಕೈಚಾಚಿ ತಟ್ಟೆಯನ್ನು ಎಳೆದುಕೊಂಡೇಬಿಟ್ಟಳು.

ಗೆರೆ ಕದಲಲಿಲ್ಲ.

"ಇದು ನಮ್ಮದಲ್ಲ," ಎಂದಳು ಜೋರಾಗಿ. "ಹರಳು ನನ್ ಕೈಲಿದೆ, ಗೆರೆ ಅಲ್ಲೇ ಇದೆ ನೋಡಿ. ನಮಗಿನ್ನೂ ಲೇಸರ್ ಬಂದಿಲ್ಲ."

ಅತಿಥಿಗಳು ಗಡಿಯಾರ ನೋಡಿಕೊಳ್ಳುತ್ತ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

"ಎಲ್ರ ಮುಂದೆ ನನ್ ಮಾನ ಕಳೆದ್ಬಿಟ್ಯಲ್ಲೇ, ತಾಯಿ! ನನಗೊಬ್ಬನಿಗೇ ಹೇಳ್ಬಾರದಿತ್ತಾ?"

"ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ ಸಾರ್. ನೀವು ಕೇಳಿಸ್ಕೊಂಡ್ರಾ?"

"ನಾನು ಹೋದ್ಮೇಲೆ ಈ ಕೋಣೆ ನಿನಗೆ ಯಾರು ಬಿಟ್ಟುಕೊಡ್ತಾರೆ? ನಿನ್ ಡಾಕ್ಟರೇಟ್ ಗತಿ?"

"ಇವತ್ತಂತೂ ಕೋಣೆ ಇದೆಯಲ್ಲ ಸಾರ್."

"ಬೀಗ ಹಾಕ್ಕೊಂಡು ಮನೆಗೆ ಹೋಗು!" ಎಂದವರೇ ಬಾಗಿಲು ದಡಾರನೆ ಎಳೆದುಕೊಂಡು ನಡೆದರು.

ಅವರ ಮುಖ ನೆನೆದು ಅವಳಿಗೆ ಅಳು ಬಂತು. ಮಾಡಿದ್ದರ ಬಗ್ಗೆ ಮಾತ್ರ ಸಾಸಿವೆಯಷ್ಟೂ ಪಶ್ಚಾತ್ತಾಪವಿರಲಿಲ್ಲ. ಮೂಗು ಒರೆಸಿಕೊಂಡು ಕೈಗವಸು ಹಾಕಿದಳು. ಹೊಸ ಫ್ಲಾಸ್ಕ್ ಏರಿಸಿ ಎಣ್ಣೆ ಕಾಯಲು ಬಿಟ್ಟಳು. ಶಾಖ ಹದಕ್ಕೆ ಬಂದಾಗ ಸಿರಿಂಜಿನಲ್ಲಿದ್ದ ಹರಳು ಕಟ್ಟುವ ರಸಾಯನವನ್ನೆಲ್ಲ ಒಂದೇ ಸಲಕ್ಕೆ ಒಳಗೆ ನೂಕಿದಳು.

ಹಿಂದೆ ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಮೇಷ್ಟ್ರ ಪರಿಚಿತ ಕೆಮ್ಮು ಕೇಳಿಸಿತು. ಅವಳು ತಿರುಗಲಿಲ್ಲ. ಫ್ಲಾಸ್ಕಿನೊಳಗೆ ಹರಳು ಬೆಳೆದಂತೆ ಹಳದಿ ಆಗತಾನೇ ಕಿತ್ತಳೆಗೆ ಹೊರಳುತ್ತಿತ್ತು. ಕಣ್ಣು ತೆಗೆಯುವ ಹೊತ್ತಲ್ಲ ಅದು.