ಸೂರಮ್ಮನ ಮುಖಪುಟ

ಈ ಕೆಂಪು ಆ ಕೆಂಪಲ್ಲ, ಫೋನಿನ ಗಾಜಿನೊಳಕ್ಕೆ ಹೋದ ಕೂಡಲೇ ಬಣ್ಣಕ್ಕೆ ಜ್ವರ ಬಂದಂತಾಗಿ ಕಿತ್ತಳೆಗೆ ತಿರುಗುತ್ತದೆ, ಬಾಗಿಲ ಬಿಸಿಲು ಹೆಚ್ಚಾಯಿತೇನೋ — ಸೂರಮ್ಮ ಮಂಚವನ್ನು ಒಳಕ್ಕೆಳೆಯುತ್ತಾಳೆ, ಮೊಣಕಾಲು ಲಟಕ್ಕೆನ್ನುತ್ತದೆ, ಅನ್ನಲಿ, ಅದಕ್ಕೆ ಆಮೇಲೆ ಎಣ್ಣೆ ತಿಕ್ಕಿದರಾಯಿತು, ಮಂಚದ ಮೇಲೆ ಹರಡಿದ ಸೀರೆಯ ಸುಕ್ಕು ನೀವಿ ಮತ್ತೊಂದು ಫೋಟೋ, ಈಗ ಸರಿ, ಈಗ ಅದು ಒಣಮೆಣಸಿನಕಾಯಿಯ ಕೆಂಪು, ಇದರ ಮೇಲೆ ಬಿಳಿ ಅಕ್ಷರ ಕೂತರೆ ಎದ್ದು ಕಾಣುತ್ತದೆ, ಮುಖಪುಟ ಮಾಡುವುದನ್ನು ಕಲಿಸುವ ವಿಡಿಯೋದಲ್ಲಿ ಆ ಹೆಣ್ಣುಮಗಳು ಹೇಳಿದ್ದೂ ಅದೇ, ಇ-ಪುಸ್ತಕದ ಮುಖಪುಟ ಓದುವವರಿಗೆ ಮೊದಲು ಕಾಣುವುದು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿ, ಅಷ್ಟರಲ್ಲೂ ಹೆಸರು ಓದಲು ಬರಬೇಕು, ಚಿತ್ರಗಳನ್ನು ತುರುಕಬೇಡಿ, ಒಂದೇ ಸಾಕು. ಅಕ್ಷರವನ್ನು ತೋರುಬೆರಳಿನಿಂದ ಎಳೆದರೆ ಬರುವುದಿಲ್ಲ, ರೇಷ್ಮೆ ಎಳೆಗೆ ಸವೆದು ಜಡ್ಡುಗಟ್ಟಿದ ಬೆರಳು, ಗಾಜಿಗೆ ಅದು ಬೆರಳೆಂದೇ ಗೊತ್ತಾಗುವುದಿಲ್ಲ, ಕಿರುಬೆರಳು ಮುಟ್ಟಿಸಬೇಕು, ಇಷ್ಟು ವರ್ಷ ಅದಕ್ಕೇನು ಕೆಲಸವಿತ್ತು, ಈಗ ಮಾಡಲಿ — ಗುಂಡಿಯೊಳಗಿಂದ, ಅದು ಪುಸ್ತಕದ ಹೆಸರು, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಕಂಡದ್ದು, ಕೇಳಿದ್ದು, ಅದಕ್ಕೆ ಮೇಲೆ ಜಾಗ, ಕೆಳಗೆ ಸೂರಮ್ಮ, ಬರೀ ಸೂರಮ್ಮ.

ಆ ಇನ್ನೊಂದು ಮುಖಪುಟದಲ್ಲಿ ಬರೀ ಸೂರಮ್ಮ ಇರಲಿಲ್ಲ, ಮಗ ಮಾರುತೇಶ ಮಾಡಿಸಿ ತಂದದ್ದು, ಚಳ್ಳಕೆರೆಯಲ್ಲಿ ಅವನ ಸೀರೆ ಅಂಗಡಿಗೆ ಅಂಟಿಕೊಂಡೇ ಶಹನವಾಜ್‌ನ ಮಳಿಗೆ, ಮದುವೆ ಕಾರ್ಡು, ಫ್ಲೆಕ್ಸು ಮಾಡುವವನು, ಒಳ್ಳೆಯವನು, ಹೋದಾಗಲೆಲ್ಲ ಚಾ ತರಿಸುತ್ತಾನೆ, ಆದರೆ ಅವನು ಮಾಡಿದ ಮುಖಪುಟದಲ್ಲಿ ಮೈತುಂಬ ಒಡವೆಯ ಹುಡುಗಿ ಹಳದಿ ಸೀರೆಯುಟ್ಟು ನಗುತ್ತಿದ್ದಳು, ಹಿಂದೊಂದು ಜಲಪಾತ, ದೇವಸಮುದ್ರದ ಬಸ್ಸು ಹತ್ತಿ ಈ ಒಣಸೀಮೆಯ ಊರೂರು ಸುತ್ತಿದರೂ ಸಿಗದಂಥ ಜಲಪಾತ, ಯಾರಪ್ಪ ಇವಳು ಎಂದು ಶಹನವಾಜ್‌ನನ್ನು ಕೇಳಿದರೆ ಗೊತ್ತಿಲ್ಲಮ್ಮಾ, ನೆಟ್ಟಲ್ಲಿ ಸಿಕ್ಕಿದ್ದು, ಚಮಕ್ ಇಲ್ದಿದ್ರೆ ಯಾರೂ ಒತ್ತಲ್ಲ, ಬಂಗಾರದಂಗಡಿ ಫ್ಲೆಕ್ಸಿಗೂ ಇವಳೇ, ಶಾಮಿಯಾನದವರಿಗೂ ಇವಳೇ. ಪಾಪ, ಎಷ್ಟು ಕಡೆ ಅಂತ ನಿಂತಾಳು. ಅವಳ ಕಾಲಡಿಗೆ ದಪ್ಪ ಅಕ್ಷರದಲ್ಲಿ ಮಗನ ಅಂಗಡಿಯ ಹೆಸರು, ಅದರಡಿ ಮಗ್ಗದ ಮಾಂತ್ರಿಕ ಬೊಮ್ಮಲಿಂಗಪ್ಪನವರ ಧರ್ಮಪತ್ನಿ, ಎಲ್ಲ ಮುಗಿದ ಮೇಲೆ ಇರುವೆ ಸಾಲಿನಂತೆ ಸೂರಮ್ಮ. ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ಆ ಹಳೆಯ ಶಾಸನದ ಅಕ್ಷರ ಕೆತ್ತಿದವರು ಯಾವ ಜಲಪಾತ ಕೆತ್ತಿದ್ದರು, ಯಾವ ಹುಡುಗಿಯನ್ನು ನಿಲ್ಲಿಸಿದ್ದರು. ಬೊಮ್ಮಲಿಂಗಪ್ಪನ ಮೇಲೆ ಅವಳಿಗೆ ಮುನಿಸಿಲ್ಲ, ರಾತ್ರಿ ಶಾಲೆಗೆ ನೀನು ಹೊಂಟ್ರೆ ಲಾಳಿಗೆ ನೂಲು ಸುತ್ತೋರ್ಯಾರು ಎಂದು ಗೊಣಗಿದವನೂ ಅವನೇ, ಅವಳು ಬರುವವರೆಗೆ ಬಾಗಿಲು ತೆರೆದು ಕೂತವನೂ ಅವನೇ, ಆದರೆ ಈ ಪುಸ್ತಕದಲ್ಲಿ ಒಂದು ಅಕ್ಷರವನ್ನೂ ಅವನು ಬರೆದಿಲ್ಲ, ಸತ್ತವನಿಗೆ ಬೇಡದ ಹೆಸರು ಅಂಗಡಿಗೆ ಬೇಕಾಗಿದೆ —

ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಸದ್ದು, ಮಾರುತೇಶ, ಬೆವರು ಒರೆಸಿಕೊಳ್ಳುತ್ತ ಬಂದವನು ಫೋನಿನೊಳಗೆ ಬಗ್ಗಿ ನೋಡುತ್ತಾನೆ, ಮಂಚವನ್ನೂ ನೋಡುತ್ತಾನೆ, ಅವನ ಮುಖದಲ್ಲಿ ನಗು ಬರುತ್ತದೆ, ಅವ್ವಾ, ಸೀರೆ ಉಲ್ಟಾ ಹಾಸಿದೀಯಲ್ಲ, ಇದು ಹಿಂಬದಿ ಕಣವ್ವಾ. ಹೌದು. ಹಿಂಬದಿ. ನವಿಲುಗಳೆಲ್ಲ ಅಂಗಾತ ಬಿದ್ದಂತಿವೆ, ಗರಿಯಿಂದ ಗರಿಗೆ ಹಾರಿದ ಎಳೆಗಳು, ಕಣ್ಣಿದ್ದ ಜಾಗದಲ್ಲಿ ಗಂಟು, ಒಂದು ಗಂಟಿನಿಂದ ಕತ್ತರಿಸದೆ ಉಳಿದ ಹಸಿರು ಎಳೆ. ಕಿವಿ ಬಿಸಿಯಾಗುತ್ತದೆ, ಮಡಚಿಬಿಡಲೇ, ತಿರುಗಿಸಿ ಹಾಸಲೇ, ಕೈ ಸೆರಗಿನ ತನಕ ಹೋಗಿ ನಿಲ್ಲುತ್ತದೆ, ಅವರ ಮಗ್ಗದಲ್ಲಿ ಸೀರೆಯ ಮುಖ ಯಾವಾಗಲೂ ನೆಲಕ್ಕೆ, ನೇಯುವವರಿಗೆ ಕಾಣುವುದು ಹಿಂಬದಿಯೇ, ನವಿಲು ಸರಿಯಾಗಿ ಬಂತೇ ಎಂದು ತಿಳಿಯಲು ಗುಂಡಿಗಿಳಿದು ಕೆಳಗಿನಿಂದ ಕನ್ನಡಿ ಹಿಡಿಯಬೇಕು, ಹಿಡಿದವಳು ಅವಳೇ, ಆ ದಿನಗಳಲ್ಲಿ ಬೊಮ್ಮಲಿಂಗಪ್ಪ ಮೇಲಿನಿಂದ ಬಂತೇನೇ ಎನ್ನುತ್ತಾನೆ, ಕನ್ನಡಿಯಲ್ಲಿ ಒಂದು ಚೂರು ನವಿಲು ಮಿಂಚಿ ಹೋಗುತ್ತದೆ, ಬಂತು ಎನ್ನುತ್ತಾಳೆ, ಮತ್ತೆ ದಿನವಿಡೀ ಈ ಗಂಟು, ಈ ಎಳೆ. ಅದಕ್ಕೇ ಮಂಚದ ಮೇಲೆ ಹಾಸುವಾಗ ಕೈ ತಾನಾಗಿ ಹಾಗೆ ಹಾಸಿತು. ತಪ್ಪೇ, ತಪ್ಪಾದರೆ ಆಗಲಿ. ಮುಖ ಉಟ್ಟವರದು, ಇದು ಗುಂಡಿಯೊಳಗಿಂದ ಕಂಡದ್ದು, ಪುಸ್ತಕದಲ್ಲಿ ಬರೆದದ್ದೂ ಇದನ್ನೇ ಅಲ್ಲವೇ.

ಮಾರುತೇಶ ನಗು ಬಿಟ್ಟಿದ್ದಾನೆ, ಅವನ ದನಿ ಅಂಗಡಿಯ ದನಿಯಾಗಿದೆ, ನೋಡಿದೋರು ಏನಂತಾರೆ, ಬೊಮ್ಮಲಿಂಗಪ್ಪನ ಮನೇಲಿ ಸೀರೆ ಹಾಸಾಕೂ ಬರಲ್ವಾ ಅಂತಾರೆ, ಗಿರಾಕಿಗೆ ಯಾರಾದ್ರೂ ಉಲ್ಟಾ ತೋರಿಸ್ತಾರೇನವ್ವಾ, ಶಹನವಾಜಂದೇ ಹಾಕಾಣ, ನೆಟ್ಟಿಗೆ ನಾನೇ ಏರಿಸ್ತೀನಿ, ಕೊಡು ಫೋನು. ಕೈ ಚಾಚಿದ್ದಾನೆ, ಅದೇ ಅಂಗೈ, ಚಿಕ್ಕವನಿದ್ದಾಗ ಬೆಲ್ಲಕ್ಕೆ ಚಾಚುತ್ತಿದ್ದ ಅಂಗೈ, ಆಗೆಲ್ಲ ಕೊಟ್ಟಿದ್ದಾಳೆ, ಕೇಳಿದ್ದನ್ನೆಲ್ಲ ಕೊಟ್ಟಿದ್ದಾಳೆ, ಮಗ್ಗ ಬಿಚ್ಚಿ ಅಂಗಡಿಗೆ ಕಪಾಟು ಮಾಡಿಸುತ್ತೇನೆ ಎಂದಾಗ ಮಗ್ಗದ ಮರವನ್ನೂ. ಕೊಡಲ್ಲ ಕಣಪ್ಪ, ಎನ್ನುತ್ತಾಳೆ, ದನಿ ಏರಿಲ್ಲ, ಅವಳ ದನಿ ಎಂದೂ ಏರುವುದಿಲ್ಲ, ನಿನ್ನ ಅಂಗಡಿಗೆ ಆ ಹುಡುಗಿ ನಿಂದ್ರಲಿ, ನನ್ನ ಪುಸ್ತಕಕ್ಕೆ ನಾನೇ ನಿಂದರ್ತೀನಿ. ಅವ್ವಾ, ಜನ ನಗ್ತಾರೆ. ನಗಲಿ, ನಕ್ಕೋರು ಒಂದು ಪುಟ ತಿರುವಲಿ. ಸರಿ, ಪುಸ್ತಕ ಪ್ರಕಟಿಸಲು ಒತ್ತಬೇಕಾದದ್ದು ಈ ನೀಲಿ ಗುಂಡಿ, ತೋರುಬೆರಳು ಹೋಗುತ್ತದೆ, ಗಾಜು ಅಲುಗುವುದಿಲ್ಲ, ಮಗನ ಉಸಿರು ಕಿವಿಯ ಹತ್ತಿರವೇ ಇದೆ, ಕಿರುಬೆರಳು, ಹಾಂ, ಚಕ್ರ ತಿರುಗುತ್ತಿದೆ, ತಿರುಗುತ್ತಲೇ ಇದೆ, ಮಾರುತೇಶ ಏನೋ ಹೇಳುತ್ತಿದ್ದಾನೆ, ಹೇಳಲಿ, ಚಕ್ರ ನಿಂತಿತು, ಪರದೆಯ ತುಂಬ ಯಾರ್ಯಾರದೋ ಪುಸ್ತಕಗಳು, ಹೂವು, ಗುಲಾಬಿ ಮೋಡ, ಚಂದದ ಹುಡುಗಿಯರು, ಅವುಗಳ ನಡುವೆ ಉಗುರಿನಷ್ಟು ಕೆಂಪು, ಹೆಸರು ಓದಲು ಬರುತ್ತದೆ, ಸೂರಮ್ಮ, ಬರೀ ಸೂರಮ್ಮ, ಮತ್ತೆ ಅಷ್ಟು ಚಿಕ್ಕದರಲ್ಲಿ ಕಾಣಬಾರದು, ಆದರೂ ಅವಳಿಗೆ ಕಾಣುತ್ತದೆ, ಗಂಟು, ಗಂಟಿನಿಂದ ಇಳಿಬಿದ್ದ ಹಸಿರು ಎಳೆ, ಯಾರೂ ಕತ್ತರಿಸದ ಆ ಎಳೆ, ಹಸಿರು ಎಳೆ —