ಏಕೀಕರಣ ಸಿದ್ಧಾಂತ ಮತ್ತು ಇಬ್ಬರು ಬೀಗರು

೧
ಹೇಗೆ ಶುರು ಮಾಡಲಿ? 'ನೆರೆಯ ರಾಷ್ಟ್ರಗಳ ರಾಜಕೀಯ ಹಾಗೂ ಆರ್ಥಿಕ ಏಕೀಕರಣವೆಂದರೆ...' ಎಂದು ಬರೆದೆ. ನನಗೇ ಆಕಳಿಕೆ ಬಂತು. ಹೊಡೆದು ಹಾಕಿದೆ. (ನಿಮಗೂ ಬಂದಿರಬೇಕು. ಬಾಯಿ ಮುಚ್ಚಿಕೊಳ್ಳಿ, ರೈಲು ಬರುತ್ತಿದೆ.)

೨
ಆ ರೈಲಿನಲ್ಲಿ ಒಬ್ಬರು ಮೇಡಂ ಇದ್ದರು. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಇದೇ ಏಕೀಕರಣವನ್ನು ಪಾಠ ಮಾಡುತ್ತ ಬಂದವರು. ಮರುದಿನ ಪಕ್ಕದ ದೇಶದ ರಾಜಧಾನಿಯಲ್ಲಿ ಎರಡೂ ದೇಶಗಳ ಜಂಟಿ ರೈಲ್ವೆ ಸಮಿತಿ ಸೇರಲಿತ್ತು. ಮೇಡಂ ಬರೆದ ವರದಿಯ ಸಾರ ಇಷ್ಟೇ: ನಮ್ಮ ಹಳಿ ಅಗಲ, ಅವರದ್ದು ಕಿರಿದು, ಎರಡನ್ನೂ ಒಂದೇ ಅಳತೆಗೆ ತನ್ನಿ. ಮೇಡಂ ಸೇರಿ ಸಮಿತಿಯ ಐವರೂ ಸಹಿ ಹಾಕಿದರೆ ಕೆಲಸ ಶುರು.

ಗಡಿಯಲ್ಲೊಂದು ಉದ್ದನೆಯ ಶೆಡ್ಡು. ನಡುವೆ ನೆಲದ ಮೇಲೆ ಹಳದಿ ಗೆರೆ. ಅದರಾಚೆ ಬೇರೆ ದೇಶ. ಮಧ್ಯಾಹ್ನ ರೈಲು ಅದರೊಳಗೆ ಬಂದು ನಿಂತಾಗ ಮೇಡಂ ಕೆಳಗಿಳಿದರು. ಬೋಗಿಗಳು ಜಾಕ್‌ಗಳ ಮೇಲೆ ಸದ್ದಿಲ್ಲದೆ ಮೇಲೇಳತೊಡಗಿದವು. ಕಿಟಕಿಗೆ ಒರಗಿ ನಿದ್ದೆಹೋದವರ ಸಮೇತ, ಅರ್ಧ ಕುಡಿದ ಟೀ ಲೋಟಗಳ ಸಮೇತ. ಅಗಲ ಹಳಿಯ ಚಕ್ರಗಳು ಅಡಿಯಿಂದ ಉರುಳಿಹೋದವು. ಕಿರಿದಾದವು ಬರುವವರೆಗೆ ಇಡೀ ರೈಲು ಯಾವ ದೇಶದ ಚಕ್ರವೂ ಇಲ್ಲದೆ ಗಾಳಿಯಲ್ಲಿ ತೇಲುತ್ತಿತ್ತು. ಒಳಗೆ ಯಾರೋ ಮಗ್ಗುಲು ಬದಲಿಸಿದರು.

"ಬೀಗ್ರೇ, ನಿಧಾನ!" ಎಂದು ಈಚೆಯ ಮೇಸ್ತ್ರಿ ಕೂಗಿದರು.

"ಬೀಗ ಎಲ್ಲಿ ಹಾಕ್ತೀರಿ?" ಎಂದು ಮೇಡಂ ಕೇಳಿದರು.

"ಹಾಕೋ ಬೀಗ ಅಲ್ಲಮ್ಮ. ಅವರ ಮಗನಿಗೆ ನನ್ನ ಮಗಳನ್ನ ಕೊಟ್ಟಿದೀನಿ. ಇಪ್ಪತ್ತೆರಡು ವರ್ಷ ಇಬ್ಬರೂ ಒಟ್ಟಿಗೆ ಜಾಕ್ ಎತ್ತಿದೀವಿ. ಅವರ ಮಗನೂ ಇಲ್ಲೇ ಕೆಲಸಕ್ಕೆ ಸೇರ್ದ. ನನ್ನ ಮಗಳು ಊಟದ ಡಬ್ಬಿ ತರ್ತಿದ್ಲು. ಇನ್ನೇನು!"

ಗೆರೆಯಾಚೆಯ ಮೇಸ್ತ್ರಿ ಸ್ಪ್ಯಾನರ್ ಎತ್ತಿ ನಮಸ್ಕಾರ ಹೇಳಿದರು.

ಮೇಡಂಗೆ ಮೈ ಜುಮ್ಮೆಂದಿತು. ಅವರ ಪುಸ್ತಕದ ಮೂರನೇ ಅಧ್ಯಾಯವೇ ಎಣ್ಣೆ ಮೆತ್ತಿದ ಅಂಗಿ ತೊಟ್ಟು ಎದುರು ನಿಂತಂತಿತ್ತು: ನೆರೆಯವರು ಒಂದು ಸಣ್ಣ ಕೆಲಸದಲ್ಲಿ ಕೈಜೋಡಿಸಿದರೆ ಸಾಕು, ನಂಟು ತಾನಾಗಿ ಮಿಕ್ಕದ್ದಕ್ಕೂ ಹಬ್ಬುತ್ತದೆ. ಸ್ಪಿಲ್‌ಓವರ್!

"ಹಳಿ ಒಂದೇ ಆದ್ರೆ ಇನ್ನೂ ಹತ್ತಿರ ಆಗ್ತೀವಿ ನೋಡಿ."

"ಯಾರು ಯಾರಿಗಮ್ಮ?" ಮೇಸ್ತ್ರಿ ಮೆಲ್ಲಗೆ ಕೇಳಿದರು. "ಮಗಳ ಮನೆಗೆ ಹೋಗೋಕೆ ವೀಸಾ ಕೇಳಿದೆ, ಮೂರು ಸಲ ಇಲ್ಲ ಅಂದ್ರು. ಶೆಡ್ಡಿನ ಪಾಸ್ ಇದೆಯಲ್ಲ, ಆ ತುದಿ ಬಾಗಿಲ ತನಕ ಬಿಡ್ತಾರೆ. ಮಂಗಳವಾರ ಮಂಗಳವಾರ ಮಗಳು ಅಲ್ಲಿಗೆ ಬರ್ತಾಳೆ. ಅವಳಿಗೀಗ ಎಂಟು ತಿಂಗಳು. ಹಳಿ ಒಂದಾಗಿ ರೈಲೇ ಇಲ್ಲಿ ನಿಲ್ಲದಿದ್ರೆ ಶೆಡ್ಡು ಯಾಕೆ, ಪಾಸ್ ಯಾಕೆ?"

೩
ಇಲ್ಲಿ ನಾನು, ಮೇಡಂ ವರದಿಯನ್ನು ಹರಿದು ಚಕ್ರದಡಿ ಎಸೆದರು ಎಂದು ಬರೆದಿದ್ದೆ. ಒಳ್ಳೆಯ ಸೀನ್. ಮೇಡಂ ಒಪ್ಪಲಿಲ್ಲ.

"ಹದಿನಾಲ್ಕು ತಿಂಗಳ ಕೆಲಸ ಕಣ್ರೀ. ಯಾಕೆ ಹರೀಲಿ? ಹಳಿ ಒಂದಾಗಬೇಕು ಅನ್ನೋದು ಈಗಲೂ ಸರಿನೇ."

ಸರಿ, ಹರಿಯಲಿಲ್ಲ. ಬೋಗಿ ಹತ್ತಿ ಕೂತು ಕೊನೆಯ ಪುಟದಲ್ಲಿ ಪೆನ್ನಿನಿಂದ ಒಂದು ಸಾಲು ಸೇರಿಸಿದರು: ಹಳಿಗಳು ಕೂಡುವ ಮೊದಲು ಗಡಿಯ ಕುಟುಂಬಗಳಿಗೆ ಓಡಾಡುವ ಹಕ್ಕು ಸಿಗಬೇಕು.

೫
(ನಾಲ್ಕನೆಯದರಲ್ಲಿ ಸಿದ್ಧಾಂತದ ಇತಿಹಾಸವಿತ್ತು. ತೆಗೆದೆ. ಥ್ಯಾಂಕ್ಸ್ ಬೇಡ.)

"ಮೇಡಂ, ಇದು ರೈಲ್ವೆ ಸಮಿತಿ," ಎಂದರು ಮರುದಿನ ಅಧ್ಯಕ್ಷರು. "ಜನರ ಓಡಾಟ ನಮ್ಮ ಇಲಾಖೆಗೆ ಬರಲ್ಲ."

"ರೈಲಲ್ಲಿ ಬರೋರು ಜನಾನೇ ಅಲ್ವಾ ಸರ್?"

ಯಾರೂ ನಗಲಿಲ್ಲ. ಆ ಸಾಲನ್ನು ಹೊಡೆದು ಹಾಕಿ ಉಳಿದ ನಾಲ್ವರು ಸಹಿ ಮಾಡಿದರು. ಪೆನ್ನು ಮೇಡಂ ಕೈಗೆ ಬಂತು. ಕಿಟಕಿಯಾಚೆ ಮೋಡಗಳು ಯಾರ ಅಪ್ಪಣೆಗೂ ಕಾಯದೆ ಹೋಗುತ್ತಿದ್ದವು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಅಧ್ಯಕ್ಷರಿಗೆ ವಾಪಸ್ ಕೊಟ್ಟರು. ತಾವೇ ಬರೆದ ವರದಿಗೆ ತಾವೇ ಸಹಿ ಹಾಕಲಿಲ್ಲ. ನಿರ್ಧಾರವನ್ನು ಮುಂದೂಡಲಾಯಿತು.

೬
ಮುಕ್ತಾಯ ಒಂದು: ಸಮಿತಿಯಿಂದ ಮೇಡಂ ಹೊರಗೆ, ಶೆಡ್ಡಿಗೆ ಬೀಗ.

ಮುಕ್ತಾಯ ಎರಡು: ಹಕ್ಕೂ ಸಿಕ್ಕಿತು, ಹಳಿಯೂ ಕೂಡಿತು, ಬೀಗರು ಒಂದೇ ರೈಲಿನಲ್ಲಿ ಕೂತು ಸೀಟಿಗಾಗಿ ಜಗಳವಾಡಿದರು.

ಎರಡನೆಯದು ನನಗಿಷ್ಟ. ಮೊದಲನೆಯದನ್ನು ನೀವು ಬೇಗ ನಂಬುತ್ತೀರಿ. ನಾನು ಪೆನ್ನು ಕಚ್ಚುತ್ತ ಕೂತಿದ್ದಾಗ ಮೇಸ್ತ್ರಿ ಮೇಜಿನ ಪಕ್ಕ ಬಂದು ನಿಂತರು.

"ಮುಗಿಸಲೇಬೇಕಾ ಸ್ವಾಮಿ?"

"ಓದೋರು ಕೇಳ್ತಾರಲ್ಲ."

"ನೀವು ಮುಗಿಸಿದ್ರೆ ಏನೋ ಒಂದು ತೀರ್ಮಾನ ಆಗಿಬಿಡುತ್ತೆ. ಹೆರಿಗೆ ಆಗೋ ತನಕ ಆದ್ರೂ ಎಳೀರಿ."

ಎಳೆಯುತ್ತಿದ್ದೇನೆ. ಇವತ್ತು ಮಂಗಳವಾರ. ಮೇಸ್ತ್ರಿ ನಲ್ಲಿಯ ಮುಂದೆ ಉಗುರಿನ ಸಂದಿಯ ಗ್ರೀಸ್ ತಿಕ್ಕುತ್ತಿದ್ದಾರೆ. ಆ ತುದಿಯ ಬಾಗಿಲಲ್ಲಿ ಬೀಗರು ಸ್ಟೂಲ್ ತಂದಿಟ್ಟಿದ್ದಾರೆ. ಸೊಸೆ ಸೊಂಟಕ್ಕೆ ಕೈಯಿಟ್ಟು ಕೂತಿದ್ದಾಳೆ.

"ಎಷ್ಟು ಹೊತ್ತಪ್ಪಾ ತೊಳೆಯೋದು?"

"ಬಂದೆ ತಾಯಿ, ಬಂದೆ," ಎನ್ನುತ್ತ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಅವರು ನಡೆಯತೊಡಗಿದ್ದಾರೆ, ಶೆಡ್ಡು ಉದ್ದವಿದೆ, ನಾನು ಅದನ್ನು ಇನ್ನೂ ಸ್ವಲ್ಪ ಉದ್ದ ಮಾಡುತ್ತಿದ್ದೇನೆ,